ಹದಿನಾಲ್ಕನೆಯ ಮಾಸ್ಕ್

ಹದಿಮೂರು ಇರಬೇಕಿತ್ತು. ನಜ್ಮಿ ಮತ್ತೊಮ್ಮೆ ಎಣಿಸಿದ. ಹದಿನಾಲ್ಕು.

ಸಂಜೆ ನಾಲ್ಕಕ್ಕೆ ಬರುವ ಅತಿಥಿಗಳು ಹನ್ನೆರಡು ಮಂದಿ. ಆರು ದಿನ ಅವರನ್ನು ನೀರಿಗಿಳಿಸಿ ಹವಳ, ಆಮೆ, ಡಾಲ್ಫಿನ್ನು, ಅದೃಷ್ಟವಿದ್ದರೆ ಹುಲ್ಲು ಮೇಯುವ ಕಡಲಹಸುವನ್ನು ತೋರಿಸಬೇಕಾದವನು ತಾನೊಬ್ಬ; ಮೊಳೆಗೆ ನೇತುಹಾಕಿದ್ದ ತನ್ನದೂ ಸೇರಿ ಹದಿಮೂರು. ಬಂದರಿನ ಕಟ್ಟೆಗೆ ಕಟ್ಟಿದ್ದ 'ಬಹೀಜ' ಹಡಗಿನಲ್ಲಿ ಮಿಕ್ಕ ಯಾರೂ ಮಾಸ್ಕ್ ಹಾಕುವವರಲ್ಲ. ಹಾಗಿದ್ದ ಮೇಲೆ ಈ ಇನ್ನೊಂದು ಯಾರಿಗೆ?

ಹೊಸ ಮಾಸ್ಕಿನ ಗಾಜಿನ ಒಳಮೈಯಲ್ಲಿ ಕಾರ್ಖಾನೆಯ ಜಿಡ್ಡು ಇರುತ್ತದೆ. ಲೈಟರಿನ ಉರಿಯನ್ನು ಗಾಜಿಗೆ ಸೋಕಿಸಿ ಅದನ್ನು ಸುಡಬೇಕು. ಕಪ್ಪು ಹಿಡಿದ ಮೇಲೆ ಹಲ್ಲುಜ್ಜುವ ಪೇಸ್ಟ್ ಹಚ್ಚಿ ತಿಕ್ಕಬೇಕು. ಇಲ್ಲದಿದ್ದರೆ ನೀರಿಗಿಳಿದ ಕೂಡಲೇ ಮಂಜು ಕಟ್ಟಿ ಕಣ್ಣು ಕುರುಡಾಗುತ್ತದೆ. ಬೆಳಿಗ್ಗೆ ಏಳರಿಂದ ನಜ್ಮಿ ಇದನ್ನೇ ಮಾಡುತ್ತಿದ್ದ. ನೀರಿಗಿಳಿಯದೆ ಮಾಡುವ ಕೆಲಸಗಳಲ್ಲಿ ಅವನು ಈಗ ಬಹಳ ಚುರುಕಾಗಿದ್ದ.

ಅವನ ಅಂಗಿಯ ಜೇಬಿನಲ್ಲಿ ಒಂದು ಚೀಟಿಯಿತ್ತು. ಪಕ್ಕದ ಬಂದರು ಸಫಾಗಾದಲ್ಲಿರುವ ಇನ್ನೊಬ್ಬ ಮಾರ್ಗದರ್ಶಿಯ ಫೋನ್ ನಂಬರು. ಒಳ್ಳೆಯ ಹುಡುಗ, ಚೆನ್ನಾಗಿ ಈಜುತ್ತಾನೆ, ಕರೆದರೆ ಒಂದೂವರೆ ಗಂಟೆಯಲ್ಲಿ ಇಲ್ಲಿಗೆ, ಕುಸೈರಿಗೆ ಬಂದು ಹಡಗು ಹತ್ತುತ್ತಾನೆ. ಹೇಳಬೇಕಾದ ಮಾತನ್ನು ನಜ್ಮಿ ಬೆಳಿಗ್ಗೆ ಗಡ್ಡ ಹೆರೆಯುವಾಗಲೇ ಕನ್ನಡಿಗೆ ಹೇಳಿ ನೋಡಿಕೊಂಡಿದ್ದ: ರಯ್ಯಿಸ್, ನನ್ನಿಂದ ಆಗೋದಿಲ್ಲ, ಬೇರೆಯವರನ್ನ ನೋಡ್ಕೊಳ್ಳಿ. ಮೂರು ತುಂಡು ಮಾತು. ಹಡಗಿನ ಯಜಮಾನ ರಯ್ಯಿಸ್ ಖಲ್ಲಾಫ್ ಊರೊಳಗಿನಿಂದ ಬಂದ ಕೂಡಲೇ ಹೇಳಿಬಿಡುವುದು. ನಾಲ್ಕು ಗಂಟೆಯೊಳಗೆ ಹೇಳಿದರೆ ಯಾರಿಗೂ ತೊಂದರೆಯಿಲ್ಲ.

"ಇದ್ರೀಸ್, ಮಾಸ್ಕ್ ಒಂದು ಜಾಸ್ತಿ ಬಂದಿದೆ," ಎಂದ.

ಅಡುಗೆಯ ಇದ್ರೀಸ್ ಕಲ್ಲಂಗಡಿಗಳನ್ನು ಒಂದೊಂದಾಗಿ ತಟ್ಟಿ, ಸದ್ದು ಕೇಳಿ, ಒಳಗಿಳಿಸುತ್ತಿದ್ದ. ಅಸ್ವಾನಿನ ಕಡೆಯ ನೂಬಿಯನ್ ಮನುಷ್ಯ. ಹಡಗಿನ ಮೇಲೆ ಇಪ್ಪತ್ತು ವರ್ಷ ಕಳೆದಿದ್ದರೂ ಈಜು ಕಲಿತಿರಲಿಲ್ಲ, ಅದಕ್ಕೆ ನಾಚಿಕೆಯೂ ಇರಲಿಲ್ಲ.

"ಬೆಕ್ಕಿಗಿರಬೇಕು ಡಾಕ್ಟ್ರೇ. ಮೀನು ನಾನು ಕೊಡೋದು ಸಾಲ್ದು ಅಂತ ತಾನೇ ಇಳಿಯೋಕೆ ಹೊರಟಿದೆ."

ನಜ್ಮಿ ಡಾಕ್ಟರನಲ್ಲ. ಕಡಲ ಜೀವಿಗಳ ಬಗ್ಗೆ ಓದಿ ಪದವಿ ಪಡೆದವನು, ಅಷ್ಟೇ. ಆದರೆ ಹಡಗಿನಲ್ಲಿ ಪುಸ್ತಕ ಓದುವವನು ಅವನೊಬ್ಬನೇ ಆದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಬೆಳಿಗ್ಗೆ ಎದ್ದ ತಕ್ಷಣ ಅವನಿಗಾಗಿ ಫೂಲ್ ಕಾಳು ಬೇಯಿಸಿ, ಮೇಲೆ ಎಣ್ಣೆ ನಿಂಬೆರಸ ಹಾಕಿ, ಬಿಸಿ ರೊಟ್ಟಿಯ ಜೊತೆ ತಂದಿಟ್ಟವನು ಈ ಇದ್ರೀಸ್. ಜೀರಿಗೆ ಹಾಕಿರಲಿಲ್ಲ. ಜೀರಿಗೆ ನಜ್ಮಿಗೆ ಆಗುವುದಿಲ್ಲವೆಂದು ನೆನಪಿಟ್ಟುಕೊಂಡಿದ್ದ. ನಜ್ಮಿ ತಟ್ಟೆಯನ್ನು ರೊಟ್ಟಿಯಿಂದ ಒರೆಸಿ ತಿಂದಿದ್ದ.

ಅವನ ಕೃತಜ್ಞತೆ ಸುಳ್ಳಾಗಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಕಳೆದ ಸೆಪ್ಟೆಂಬರಿನಲ್ಲಿ ಒಬ್ಬ ಹೆಂಗಸಿನ ಕ್ಯಾಮೆರಾ ಹವಳದ ಗೋಡೆಯ ಪಕ್ಕ ಜಾರಿ ಕೆಳಗಿಳಿದಿತ್ತು. ನಜ್ಮಿ ಉಸಿರು ಬಿಗಿಹಿಡಿದು ಮುಳುಗಿ ಅದನ್ನು ಹಿಡಿದ. ಮೇಲೆ ಬರುವ ದಾರಿಯಲ್ಲಿ ಎಚ್ಚರ ತಪ್ಪತೊಡಗಿತು. ಹಡಗಿನ ಅಂಚಿನಲ್ಲಿ ನಿಂತಿದ್ದ ಖಲ್ಲಾಫ್ ಅರವತ್ತೆರಡರ ವಯಸ್ಸಿನಲ್ಲಿ ನಿಲುವಂಗಿಯನ್ನೂ ಕಳಚದೆ, ಬರಿಗಣ್ಣಿನಲ್ಲಿ ಹಾರಿ ಅವನನ್ನು ಮೇಲಕ್ಕೆ ಎಳೆದು ತಂದರು. ಮಾಸ್ಕ್ ಹಾಕುವ ಹಾಗಿರಲಿಲ್ಲ. ಅವರ ಮೀಸೆ ಅಂಥದು. ಮೀಸೆಯಿದ್ದವನ ಮುಖಕ್ಕೆ ಮಾಸ್ಕಿನ ರಬ್ಬರು ಕೂರುವುದಿಲ್ಲ, ಕೂದಲಿನ ಸಂದಿಯಿಂದ ನೀರು ನುಗ್ಗುತ್ತದೆ.

ಕೆನಾ ಜಿಲ್ಲೆಯಿಂದ ಬಂದು ಕುಸೈರಿನಲ್ಲಿ ನೆಲೆಸಿದವರಿಗೆ ಮೀಸೆಯೆಂದರೆ ಮಾತು. ಅದರ ಮೇಲೆ ಕೈಯಿಟ್ಟು ಹೇಳಿದರೆ ಕಾಗದ ಪತ್ರ ಬೇಕಿಲ್ಲ. ಖಲ್ಲಾಫ್ ತಮ್ಮ ಹೆಣ್ಣುಮಕ್ಕಳ ಮದುವೆಯನ್ನು ಹಾಗೆಯೇ ನಿಶ್ಚಯಿಸಿದವರು. ಮಾಸ್ಕ್ ಹಾಕುವವರನ್ನು ನಲವತ್ತು ವರ್ಷದಿಂದ ಹಾಸ್ಯ ಮಾಡುತ್ತ ಬಂದವರು.

ಅಂದಿನಿಂದ ಊರಿಗೆ ಊರೇ ನಜ್ಮಿಯನ್ನು ಕಂಡಲ್ಲೆಲ್ಲ ಕೈಹಿಡಿದು, ಕ್ಷೇಮವಾಗಿ ಬಂದೆಯಲ್ಲ, ದೇವರು ದೊಡ್ಡವನು ಎನ್ನುತ್ತಿತ್ತು. ರೊಟ್ಟಿ ಅಂಗಡಿಯವನು ಏಳು ತಿಂಗಳಾದರೂ ನಿಲ್ಲಿಸಿರಲಿಲ್ಲ. ನಜ್ಮಿ ಪ್ರತಿ ಸಲವೂ ಎದೆಯ ಮೇಲೆ ಕೈಯಿಟ್ಟು, ದೇವರು ನಿಮ್ಮನ್ನೂ ಕ್ಷೇಮವಾಗಿಡಲಿ ಎನ್ನುತ್ತಿದ್ದ. ಅವನ ತಾಯಿ ಇನ್ಸಾಫ್ ಹರಕೆ ಹೊತ್ತಿದ್ದಳು: ಬದುಕಿರುವ ತನಕ ಪ್ರತಿ ತಿಂಗಳು ಆ ತಾರೀಖಿಗೆ ಖಲ್ಲಾಫರ ಮನೆಗೆ ಒಂದು ತಟ್ಟೆ ಅಕ್ಕಿ ಪಾಯಸ. ಇವತ್ತೂ ಅದೇ ತಾರೀಖು. ಪಾಯಸದ ತಟ್ಟೆ ಬಟ್ಟೆ ಕಟ್ಟಿಸಿಕೊಂಡು ಹಡಗಿಗೇ ಬಂದು ಅಡುಗೆಮನೆಯ ಮೂಲೆಯಲ್ಲಿ ಕೂತಿತ್ತು.

ಖಲ್ಲಾಫ್ ಏಳು ತಿಂಗಳು ಅವನ ಜಾಗವನ್ನು ಖಾಲಿ ಇಟ್ಟಿದ್ದರು. ಕೇಳಿಕೊಂಡು ಬಂದ ಇಬ್ಬರನ್ನು ವಾಪಸು ಕಳಿಸಿದ್ದರು. ಅವಸರವಿಲ್ಲ, ಬೇಸಿಗೆಯ ಮೊದಲ ಪಯಣಕ್ಕೆ ಬಂದರೆ ಸಾಕು ಎಂದಿದ್ದರು. ಈ ಏಳು ತಿಂಗಳಲ್ಲಿ ನಜ್ಮಿ ಮುಖವನ್ನು ನೀರಿನೊಳಗೆ ಇಟ್ಟಿರಲಿಲ್ಲ. ಸ್ನಾನಕ್ಕೂ ತಲೆಯ ಮೇಲಷ್ಟೇ ಹುಯ್ದುಕೊಳ್ಳುತ್ತಿದ್ದ.

ಹೆದರಿಕೆ ಎಂದು ಎಲ್ಲರೂ ತಿಳಿದಿದ್ದರು. ತಿಳಿಯಲೆಂದು ಅವನೂ ಬಿಟ್ಟಿದ್ದ.

ನೆನಪಿದ್ದದ್ದು ಬೇರೆ. ಕಂಕುಳ ಕೆಳಗೆ ಒಂದು ಕೈ ಬಂದು ಬಿಗಿದದ್ದು ನೆನಪಿತ್ತು. ಆ ಕೈಯನ್ನು ತನ್ನ ಕೈ ತಳ್ಳಿದ್ದು ನೆನಪಿತ್ತು. ಉಸಿರು ಕಟ್ಟಿದವನ ಮೈ ಏನೇನೋ ಮಾಡುತ್ತದೆ, ಅದಕ್ಕೆ ಅರ್ಥವಿಲ್ಲ ಎಂದು ಆಸ್ಪತ್ರೆಯ ವೈದ್ಯರು ಹೇಳಿದ್ದರು. ನಜ್ಮಿಗೂ ಗೊತ್ತು, ಬೇಕಾದರೆ ಹಲಗೆಯ ಮೇಲೆ ಚಿತ್ರ ಬರೆದು ವಿವರಿಸಬಲ್ಲ. ಆದರೆ ಆ ಕೆಳಗೆ ಅವನು ಯಾರಿಗೂ ಏನನ್ನೂ ಹೇಳಬೇಕಾಗಿರಲಿಲ್ಲ. ಹಾಯಾಗಿತ್ತು. ಆಮೇಲೆ ಇಡೀ ಊರು ಯಾರು ಉಳಿದನೆಂದು ಸಂತೋಷಪಡುತ್ತಿತ್ತೋ ಅವನು ಉಳಿಯಲು ಒಪ್ಪಿರಲಿಲ್ಲ. ಇದನ್ನು ತಾಯಿಗೆ ಹೇಳುವುದು ಹೇಗೆ? ಪಾಯಸ ಹೊತ್ತು ಹೋಗುವವಳಿಗೆ?

ಅವನು ಹಲಗೆಯನ್ನು ಎಳೆದುಕೊಂಡು ಅತಿಥಿಗಳಿಗಾಗಿ ಕಡಲಹಸುವಿನ ಚಿತ್ರ ಬರೆದ. ಚೆನ್ನಾಗಿಯೇ ಬಂತು. ಸ್ವಲ್ಪ ನಗುವ ಮುಖ ಬಂದಿತ್ತು, ಒರೆಸಿ ಮತ್ತೆ ಬರೆದ. ಕಾಲಿಗೆ ಹಾಕುವ ರಬ್ಬರ್ ರೆಕ್ಕೆಗಳನ್ನು ಅಳತೆಯ ಪ್ರಕಾರ ಜೋಡಿಸಿದ. ಉಸಿರುಕೊಳವೆಗಳನ್ನು ಬಕೆಟ್ಟಿನಲ್ಲಿ ಅದ್ದಿ ತೊಳೆದ. ಕೊಳವೆ ಹಿಡಿದ ಕೈ ಮೊಣಕೈವರೆಗೆ ನೀರಿನಲ್ಲಿತ್ತು, ಅಷ್ಟಕ್ಕೆ ಅವನಿಗೇನೂ ಆಗಲಿಲ್ಲ.

ಮೂರು ಗಂಟೆಗೆ ಕಟ್ಟೆಯ ಮೇಲೆ ಯಾರೋ ನಡೆದು ಬರುವುದು ಕಂಡಿತು. ನಿಲುವಂಗಿ ಖಲ್ಲಾಫರದು. ಎಡಗಾಲು ಎಳೆಯುವ ನಡಿಗೆಯೂ ಅವರದೇ. ಮುಖ ಮಾತ್ರ ಯಾರದೋ.

ಹಗ್ಗ ಸುತ್ತುತ್ತಿದ್ದ ಇಬ್ಬರು ನಾವಿಕರು ಸುತ್ತುವುದನ್ನು ನಿಲ್ಲಿಸಿದರು. ಮೂಗಿನ ಕೆಳಗೆ ನಲವತ್ತು ವರ್ಷ ಬಿಸಿಲು ಕಾಣದ ಚರ್ಮ, ಕ್ಯಾಲೆಂಡರ್ ತೆಗೆದ ಗೋಡೆಯ ಹಾಗೆ ಬೆಳ್ಳಗಿತ್ತು.

ಕೊನೆಗೆ ಇದ್ರೀಸನೇ ಬಾಯಿಬಿಟ್ಟ. "ಯಾರು ಬೇಕಿತ್ತಮ್ಮ? ರಯ್ಯಿಸ್ ಇಲ್ಲ, ಊರೊಳಗೆ ಹೋಗಿದಾರೆ."

"ಹೋಗಿ ಈರುಳ್ಳಿ ಹೆಚ್ಚು," ಎಂದರು ಖಲ್ಲಾಫ್. ಹಡಗು ಹತ್ತಿ, ಪೆಟ್ಟಿಗೆಯ ಮೇಲೆ ಕೂತು, ಬೆವರು ಒರೆಸಿಕೊಂಡರು. ಒರೆಸುವ ಕೈ ಅಭ್ಯಾಸಬಲದಿಂದ ಮೀಸೆಯನ್ನು ಹುಡುಕಿ, ಸಿಗದೆ, ತೊಡೆಯ ಮೇಲೆ ಇಳಿಯಿತು.

ಕ್ಷೌರದವನು ಕೆನಾ ಕಡೆಯವನೇ ಅಂತೆ. ಮೂರು ಸಲ ಹೇಳಿಸಿಕೊಂಡನಂತೆ. ಆಮೇಲೆ ಪಕ್ಕದ ಚಹಾ ಅಂಗಡಿಯಿಂದ ಇಬ್ಬರನ್ನು ಕರೆದು, ಇವರು ಬುದ್ಧಿ ಸರಿಯಿದ್ದೇ ಹೇಳುತ್ತಿದ್ದಾರೆಂಬುದಕ್ಕೆ ಸಾಕ್ಷಿ ಇಟ್ಟುಕೊಂಡು ಕತ್ತಿ ಎತ್ತಿದನಂತೆ. ಮನೆಗೆ ಇನ್ನೂ ಹೋಗಿಲ್ಲ, ಆರು ದಿನ ಕಡಲಲ್ಲಿ ಕಳೆದರೆ ಅಷ್ಟಿಷ್ಟು ಚಿಗುರಬಹುದು, ಹೆಂಡತಿಗೆ ಹೇಳಲು ಆಗ ಧೈರ್ಯ ಬರಬಹುದು ಎಂದು ಖಲ್ಲಾಫ್ ನಗಲು ನೋಡಿದರು. ನಗು ಆ ಬೋಳು ತುಟಿಯ ಮೇಲೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒದ್ದಾಡಿತು.

"ಯಾಕೆ, ರಯ್ಯಿಸ್?" ಎಂದ ನಜ್ಮಿ. ಜೇಬಿನ ಚೀಟಿಯ ಮೇಲೆ ಅವನ ಕೈಯಿತ್ತು.

"ಹದಿನಾಲ್ಕನೇದು ಎಲ್ಲಿ? ನನಗೆ ಹೊಂದುತ್ತಾ ನೋಡು."

ನಜ್ಮಿಗೆ ಅರ್ಥವಾಯಿತು. ಅರ್ಥವಾದದ್ದು ಎದೆಯಲ್ಲಿ ಬಂದು ಕೂತಿತು. ಈ ಮನುಷ್ಯ ತನಗಾಗಿ ಒಮ್ಮೆ ಪ್ರಾಣ ಒಡ್ಡಿದ್ದು ಸಾಲದೆ, ಈಗ ಮರ್ಯಾದೆಯನ್ನೂ ಕ್ಷೌರದ ಅಂಗಡಿಯ ನೆಲದಲ್ಲಿ ಉದುರಿಸಿ ಬಂದಿದ್ದರು. ಅವನ ಕಣ್ಣು ತುಂಬಿತು. ಇಷ್ಟು ಒಳ್ಳೆಯವರ ನಡುವೆ ಇದ್ದೇನಲ್ಲ ಎಂದು ನಿಜವಾಗಿಯೂ ಅನ್ನಿಸಿತು. ಕನ್ನಡಿಗೆ ಹೇಳಿದ್ದ ಮೂರು ತುಂಡು ಮಾತಿನಲ್ಲಿ ಒಂದೂ ನಾಲಗೆಗೆ ಬರಲಿಲ್ಲ.

ಖಲ್ಲಾಫ್ ದನಿ ತಗ್ಗಿಸಿದರು. ನಾವಿಕರು ದೂರವಿದ್ದರು.

"ಆವತ್ತು ನನಗೇನೂ ಕಾಣಿಸ್ಲಿಲ್ಲ ಕಣೋ. ಬರಿಗಣ್ಣಲ್ಲಿ ಎಲ್ಲಾ ಮಸುಕು. ಕೈಗೆ ಸಿಕ್ಕಿದ್ದನ್ನ ಎಳ್ಕೊಂಡು ಬಂದೆ. ನಿನ್ನ ಕೈ ಒಂದ್ಸಲ ನನ್ನ ಎದೆಗೆ ತಗಲ್ತು. ಹಿಡ್ಕೊಳ್ಳೋಕೆ ಬಂತೋ, ತಳ್ಳೋಕೆ ಬಂತೋ, ಗೊತ್ತಾಗ್ಲಿಲ್ಲ. ಏಳು ತಿಂಗಳಿಂದ ನಿದ್ದೆ ಬರ್ದೇ ಇದ್ದಾಗೆಲ್ಲ ಅದೇ ಯೋಚ್ನೆ."

ನಜ್ಮಿ ಹದಿನಾಲ್ಕನೆಯ ಮಾಸ್ಕನ್ನು ಎತ್ತಿ ಅವರ ಕೈಗೆ ಕೊಟ್ಟ.

"ಈ ಸಲ ನಿನ್ನ ಪಕ್ಕದಲ್ಲೇ ಇಳೀತೀನಿ. ಕಣ್ಣಿಗೆ ಕಾಣೋ ಹಾಗೆ."

"ಹಿಡ್ಕೊಳ್ಳೋಕೇ ರಯ್ಯಿಸ್," ಎಂದ ನಜ್ಮಿ. "ಇನ್ನೇನಕ್ಕೆ?"

"ಅದೇ. ನಾನೂ ಹಾಗೇ ಅಂದ್ಕೊಂಡೆ." ಖಲ್ಲಾಫ್ ಬೇಗ ಹೇಳಿದರು, ಬೇಗ ಎದ್ದರು. ಅವರು ನಂಬಿದರೋ, ನಂಬುವುದೇ ವಾಸಿ ಎಂದುಕೊಂಡರೋ, ಆ ಹೊಸ ಮುಖದಲ್ಲಿ ಓದಲಾಗಲಿಲ್ಲ. ನಜ್ಮಿ ಅವರ ಮನಸ್ಸನ್ನು ಇಷ್ಟು ವರ್ಷ ಮೀಸೆಯಲ್ಲಿ ಓದುತ್ತಿದ್ದ.

ಮಾಸ್ಕ್ ಹೊಂದುತ್ತದೆಯೇ ಎಂದು ನೋಡುವ ಕ್ರಮ ಸುಲಭ. ಪಟ್ಟಿಯನ್ನು ತಲೆಗೆ ಹಾಕಬಾರದು. ಬರಿದೇ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು, ಕೈ ಬಿಡಬೇಕು. ಬೀಳದೆ ನಿಂತರೆ ನೀರು ಒಳಗೆ ಬರುವುದಿಲ್ಲ. ನಜ್ಮಿ ಹೇಳಿಕೊಟ್ಟ. ಖಲ್ಲಾಫ್ ಒತ್ತಿಕೊಂಡರು, ಉಸಿರೆಳೆದರು, ಕೈ ಬಿಟ್ಟರು. ನಿಂತಿತು. ಬೋಳು ತುಟಿಯ ಮೇಲೆ ರಬ್ಬರು ಚರ್ಮದಂತೆ ಕೂತಿತ್ತು. ಅವರಿಗೆ ನಗು ಬಂದು ಮಾಸ್ಕ್ ಅಂಗೈಗೆ ಬಿತ್ತು. ಮತ್ತೆ ಹಾಕಿಕೊಂಡು, ಈ ಸಲ ಪಟ್ಟಿಯನ್ನು ತಲೆಗೆ ಎಳೆದುಕೊಂಡರು. ಇದ್ರೀಸ್ ಅಡುಗೆಮನೆಯ ಕಿಟಕಿಯಿಂದ ನೋಡಿ, ಹೆಣ್ಣು ನೋಡೋಕೆ ಬಂದವರು ಈಗ ಒಪ್ಪಬಹುದು ಎಂದ.

"ಈಗ ನಿಂದು," ಎಂದರು ಖಲ್ಲಾಫ್.

ನಜ್ಮಿಯ ಮಾಸ್ಕ್ ಏಳು ತಿಂಗಳಿಂದ ಮೊಳೆಗೆ ನೇತಾಡುತ್ತಿತ್ತು. ಯಾರೋ ಅದರ ಧೂಳು ಒರೆಸಿ ಇಟ್ಟಿದ್ದರು, ವಾರಕ್ಕೊಮ್ಮೆ ಒರೆಸುತ್ತಿದ್ದರೆಂದು ನೋಡಿದರೇ ತಿಳಿಯುತ್ತಿತ್ತು. ಅದು ಖಲ್ಲಾಫರೆಂದು ಕೇಳಿ ತಿಳಿಯಬೇಕಿರಲಿಲ್ಲ. ಅವನು ಅದನ್ನು ಮುಖಕ್ಕೆ ಒತ್ತಿದ. ಮೂಗಿನಿಂದ ಉಸಿರೆಳೆದ. ಕೈ ಬಿಟ್ಟ.

ನಿಂತಿತು.

ಕಟ್ಟೆಯ ತುದಿಯಲ್ಲಿ ಅತಿಥಿಗಳ ವ್ಯಾನು ಬಂದು ನಿಂತು ಹಾರ್ನ್ ಹೊಡೆಯಿತು. ಇನ್ನೂ ಮೂರೂಕಾಲು, ಬೇಗ ಬಂದಿದ್ದರು. ಬಣ್ಣದ ಟೋಪಿಯ ಹೆಂಗಸೊಬ್ಬಳು ಇಳಿದು ಹಡಗಿನ ಕಡೆ ಕೈ ಬೀಸಿದಳು. ಇದ್ರೀಸ್ ಸ್ವಾಗತಕ್ಕೆಂದು ಪಾಯಸದ ತಟ್ಟೆಯ ಬಟ್ಟೆ ಬಿಚ್ಚುತ್ತಿದ್ದ.

"ಸಾಕು. ಚೆನ್ನಾಗಿ ಹಿಡಿದಿದೆ. ಉಸಿರು ಬಿಡು," ಎಂದರು ಖಲ್ಲಾಫ್.

ನಜ್ಮಿ ಬಿಡಲಿಲ್ಲ. ಬಾಯಿಂದ ಉಸಿರಾಡಬಹುದಿತ್ತು, ಆಡಲಿಲ್ಲ. ಬಿಸಿಲಿನಲ್ಲಿ, ಒಣ ಹಲಗೆಯ ಮೇಲೆ ಅವನು ನಿಂತಿದ್ದ. ಕಿವಿಯಲ್ಲಿ ಹಾರ್ನಿನ ಸದ್ದು ದೂರವಾಯಿತು. ಯಾರಿಗೂ ಏನನ್ನೂ ಹೇಳಬೇಕಾಗಿರಲಿಲ್ಲ.

"ನಜ್ಮೀ. ಬಿಡು ಅಂದ್ನಲ್ಲ."

ಖಲ್ಲಾಫರ ಕೈ ಅವನ ಮುಖದ ಕಡೆ ಬಂತು. ನಜ್ಮಿಯ ಕೈ ತಾನಾಗಿಯೇ ಮೇಲೆದ್ದಿತು. ಬೆಳಗಿನಿಂದ ಸುಟ್ಟು ತಿಕ್ಕಿದ ಗಾಜೂ ವಾರವಾರ ಒರೆಸಿದ ಗಾಜೂ ತಿಳಿಯಾಗಿದ್ದವು, ಎಲ್ಲಿಯೂ ಮಂಜಿರಲಿಲ್ಲ. ಎರಡು ಮಾಸ್ಕುಗಳ ಹಿಂದಿನಿಂದ ಇಬ್ಬರೂ ಮೇಲೆದ್ದ ಆ ಕೈಯನ್ನೇ ನೋಡುತ್ತಿದ್ದರು.