ಮೆಂಬರರ ಸೊಸೆ

ನಮ್ಮ ಊರಿನ ಗ್ರಾಮ ಪಂಚಾಯಿತಿಗೆ ಆರಿಸಿಬಂದವಳು ನಾನು. ಆದರೆ ಊರಲ್ಲಿ ಯಾರಾದರೂ 'ಮೆಂಬರ್ರ' ಎಂದು ಕೂಗಿದರೆ ತಿರುಗಿ ನೋಡುವವರು ನನ್ನ ಮಾವ ಬಸವಂತರಾಯರು. ನನ್ನನ್ನು ಮೆಂಬರರ ಸೊಸೆ ಎನ್ನುತ್ತಾರೆ. ನನಗೂ ಅದೇ ರೂಢಿಯಾಗಿಬಿಟ್ಟಿದೆ.

ಆ ಸಲ ನಮ್ಮ ಓಣಿಯ ಸೀಟು ಹೆಣ್ಣುಮಕ್ಕಳ ಪಾಲಿಗೆ ಬಂದಿತ್ತು. ಮಾವ ಹಿಂದೆ ಗೆದ್ದವರು, ಬಿಟ್ಟುಕೊಡಲು ಮನಸ್ಸಿರಲಿಲ್ಲ. ಅತ್ತೆ ತೀರಿಕೊಂಡಿದ್ದರು. ಗಂಡ ಇಂಡಿ ಕಡೆ ಜೆಸಿಬಿ ಓಡಿಸುತ್ತಾರೆ. ಮನೆಯಲ್ಲಿ ಉಳಿದ ಹೆಣ್ಣು ನಾನೊಬ್ಬಳೇ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ನಾಲ್ಕು ಜನರ ಮುಂದೆ ನನ್ನ ಹೆಸರು ಹೇಳುವುದಕ್ಕೂ ಅಂಜುತ್ತೇನೆ. ಚುನಾವಣೆಯ ಬ್ಯಾನರಿನಲ್ಲಿ ಕೈಮುಗಿದು ನಿಂತದ್ದಷ್ಟೇ ನಾನು ಮಾಡಿದ್ದು. ಗೆದ್ದೆ.

ಮೀಟಿಂಗ್ ಇದ್ದ ದಿನ ಮಾವನ ಬೈಕಿನಲ್ಲಿ ಹಿಂದೆ ಕುಳಿತು ಹೋಗುತ್ತೇನೆ. ಸಹಿ ಹಾಕುತ್ತೇನೆ. ಆಮೇಲೆ ಹೊರಗೆ ಬಂದು ಪಕ್ಕದ ಅಂಗನವಾಡಿಯ ಕಟ್ಟೆಯ ಮೇಲೆ ಕೂರುತ್ತೇನೆ. ಒಳಗೆ ನನ್ನ ಕುರ್ಚಿಯಲ್ಲಿ ಮಾವ ಕೂರುತ್ತಾರೆ. ಉಳಿದ ಹೆಣ್ಣು ಮೆಂಬರುಗಳೂ ಹೀಗೆಯೇ. ಕಟ್ಟೆಯ ಮೇಲೆ ಎಲ್ಲರೂ ಸೇಂಗಾ ಸುಲಿಯುತ್ತ ಮಕ್ಕಳ ಜ್ವರ, ತವರು, ಸೀರೆ ಎಂದು ಮಾತಾಡುತ್ತೇವೆ. ಒಳಗಿನ ಮಾತು ಕಿಟಕಿಯಿಂದ ಕೇಳಿಸುತ್ತದೆ. ನಾನು ಕೇಳಿಸಿಕೊಳ್ಳುತ್ತೇನೆ, ಏನೂ ಅನ್ನುವುದಿಲ್ಲ.

ನನ್ನನ್ನು ಮೆಂಬರ್ ಎಂದು ಕರೆಯುವವರು ಒಬ್ಬರೇ ಇದ್ದಾರೆ, ಹಿಂದಿನ ಮನೆಯ ತಿಪ್ಪವ್ವ ಆಯಿ. ಮಳೆಗಾಲದಲ್ಲಿ ನಸುಕಿಗೆ ಬಯಲಿಗೆ ಹೋಗುವಾಗ ಹಳ್ಳದ ದಾರಿಯಲ್ಲಿ ಜಾರಿಬಿದ್ದು ಅವರ ಮುಂಗೈ ಮುರಿದಿತ್ತು. ಅಲ್ಲಿ ಕಂಬ ಇದೆ, ಲೈಟಿಲ್ಲ.

"ಯವ್ವಾ, ನೀ ಮೆಂಬರ್ ಅದಿ. ಆ ಕಂಬಕ್ಕ ಒಂದ್ ಲೈಟ್ ಹಾಕಿಸಬೇ," ಎಂದಿದ್ದರು.

"ಕೇಳ್ತೇನಿ ಆಯಿ," ಎಂದಿದ್ದೆ. ಊಟಕ್ಕೆ ಬಡಿಸುವಾಗ ಮಾವನಿಗೆ ಹೇಳಿದೆ. "ಹೂಂ, ನೋಡೂಣು, ಒಂದ್ ರೊಟ್ಟಿ ಹಾಕು," ಎಂದರು. ಮುಂದಿನ ಮೀಟಿಂಗಿನಲ್ಲಿ ಕಿಟಕಿಯಿಂದ ಕಿವಿಗೊಟ್ಟು ಕೇಳಿದೆ. ಲೈಟಿನ ಮಾತೇ ಬರಲಿಲ್ಲ. ನಾನೂ ಮತ್ತೆ ನೆನಪಿಸಲಿಲ್ಲ.

ಹೀಗಿರುವಾಗ ತಾಳಿಕೋಟೆಯ ಒಂದು ಕಾಲೇಜಿನಿಂದ ಜಯತೀರ್ಥ ಸರ್ ಬಂದರು. ಹುಡುಗರ ಚರ್ಚಾಸ್ಪರ್ಧೆ ಇದೆ, ಮುಖ್ಯ ಅತಿಥಿಯಾಗಿ ಮಹಿಳಾ ಸದಸ್ಯರೇ ಬೇಕು, ಗೆದ್ದವರನ್ನು ನಿರ್ಣಯಿಸುವಾಗಲೂ ತಮ್ಮ ಜೊತೆಗಿರಬೇಕು ಎಂದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಬೇಡ ಎಂದು ಕೈಯಾಡಿಸಿದೆ. ಮಾವ ನೋಡಲಿಲ್ಲ.

"ಬರ್ತಾಳ್ರಿ ಸರ್," ಎಂದರು. ಅವರು ಹೋದ ಮೇಲೆ ನನಗೆ, "ಅಂಜಬ್ಯಾಡ. ಸುಮ್ನ ಕುಂದ್ರು, ಶಾಲು ಹಾಕಿಸ್ಕೊ, ಕೈಮುಗಿ. ಮುಗೀತು," ಎಂದರು.

ಆದರೆ ಸುಮ್ಮನೆ ಕೂರುವುದೇ ಕಷ್ಟವಾಯಿತು. ನಮ್ಮ ಮನೆತನದಲ್ಲಿ ಮಾವನೆದುರು ಸೊಸೆ ಕುರ್ಚಿಯ ಮೇಲೆ ಕೂರುವುದಿಲ್ಲ. ಅಲ್ಲಿ ಮಾವ ಕೆಳಗೆ ಮುಂದಿನ ಸಾಲಿನಲ್ಲಿ, ನಾನು ವೇದಿಕೆಯ ಮೇಲೆ, ಹೂವಿನ ಬಟ್ಟೆ ಹಾಸಿದ ಕುರ್ಚಿಯಲ್ಲಿ. ಅವರು ಕೆಮ್ಮಿದರೆ ನಾನು ಅರ್ಧ ಎದ್ದೇಳುತ್ತಿದ್ದೆ. ಹುಡುಗಿಯರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸೆರಗನ್ನು ಇನ್ನಷ್ಟು ಮುಂದೆಳೆದುಕೊಂಡು ಕುರ್ಚಿಯ ಅಂಚಿಗೆ ಸರಿದೆ.

ಒಂದು ದೇಶದ ಪ್ರಜಾಪ್ರಭುತ್ವವನ್ನು ಅಳೆಯುವುದು ಜನರ ಓಟಿನಿಂದಲೋ, ಜನರ ಬದುಕಿನಿಂದಲೋ ಎಂಬುದು ಚರ್ಚೆಯ ವಿಷಯ. ಓಟಿನ ಪರವಾಗಿ ಪಾರ್ಥ ಎಂಬ ಹುಡುಗ ಎದ್ದ. ಇಸ್ತ್ರಿ ಮಾಡಿದ ಅಂಗಿ, ತಡವರಿಸದ ಮಾತು. ಎಲ್ಲೋ ದೂರ ದೇಶದಲ್ಲಿ ಕುಳಿತವರು ನಮ್ಮ ಪ್ರಜಾಪ್ರಭುತ್ವಕ್ಕೆ ನಂಬರ್ ಕೊಡುತ್ತಾರೆ, ನಮ್ಮ ಬಿಸಿಲಲ್ಲಿ ಓಟಿಗಾಗಿ ಸಾಲು ನಿಂತ ಮುದುಕಿಯನ್ನು ಅವರು ನೋಡಿದ್ದಾರೆಯೇ ಎಂದು ಕೇಳಿದ. ಕೆಲವು ದೇಶಗಳಲ್ಲಿ ರಸ್ತೆ ಚೆನ್ನಾಗಿದೆ, ದವಾಖಾನೆ ಚೆನ್ನಾಗಿದೆ, ಆದರೆ ಆಳುವವನನ್ನು ಇಳಿಸುವ ದಾರಿಯಿಲ್ಲ. ಚೆನ್ನಾಗಿ ಸಾಕಿದ ಎತ್ತಿನ ಬದುಕು ಅದು ಎಂದ.

"ಪಗಾರ ಚಲೋ ಇದ್ರ ನಾ ಎತ್ತ ಆಗ್ತೇನ್ಲೇ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಎಲ್ಲರೂ ನಕ್ಕರು.

ಪಾರ್ಥ ನಗು ಇಳಿಯುವ ತನಕ ಕಾದು, ನನ್ನ ಕಡೆ ಕೈ ತೋರಿಸಿ, ಸ್ವಾಗತದಲ್ಲಿ ನನ್ನ ಬಗ್ಗೆ ಹೇಳಿದ್ದನ್ನೇ ಎತ್ತಿಕೊಂಡ. "ಸಾಕ್ಷಿ ಬೇಕೇ? ಇಲ್ಲೇ ಇದ್ದಾರೆ. ಕುರಿ ಕಾಯುವ ಮನೆತನದ ಸೊಸೆ. ಹೆಚ್ಚು ಓದಿಲ್ಲ. ಇಂದು ಈ ವೇದಿಕೆಯ ಮೇಲಿದ್ದಾರೆ. ಇವರನ್ನು ಇಲ್ಲಿ ಕೂರಿಸಿದ್ದು ಓಟು."

ಚಪ್ಪಾಳೆ ಬಿತ್ತು. ಮಾವ ಮೀಸೆಯ ಮೇಲೆ ಕೈಯಾಡಿಸಿದರು. ನಾನು ನೆಲ ನೋಡಿದೆ.

ಎದುರು ಪಕ್ಷದಿಂದ ಮೆಹರುನ್ನಿಸಾ ಎಂಬ ಹುಡುಗಿ ಬಂದಳು. ಸಣ್ಣ ಮೈಕಟ್ಟಿನವಳು, ಕೈಯಲ್ಲಿ ಕಾಗದವಿರಲಿಲ್ಲ. ಮೊದಲು ಪುಸ್ತಕದ ಕನ್ನಡದಲ್ಲೇ ಶುರು ಮಾಡಿದಳು. ಮಾತಿಗೆ ಬಿಸಿ ಏರಿದಂತೆ ಮನೆಯ ಮಾತು ಬಂತು.

"ಓಟು ಹಾಕೂದು ಒಂದಿನದ ಕೆಲಸ್ರಿ. ಉಳದ ದಿನ ಏನು? ರೋಡ್ ಆಗೇತಿ ಅಂತಾರ. ಸಂಜಿ ಆದಮ್ಯಾಲ ಆ ರೋಡಿನ್ಯಾಗ ನಮ್ಮವ್ವ ಒಬ್ಬಾಕಿನ ಅಡ್ಡಾಡಬಹುದೇನ್ರಿ? ನನ್ನ ಅಳತಿ ಒಂದ ಐತಿ. ಮನ್ಯಾಗ ಎಲ್ಲಾರಗಿಂತ ಸಣ್ಣಾಕಿ, ಯಾರ ಮಾರಿನೂ ನೋಡದ ತನ್ನ ಮಾತು ಹೇಳಬಹುದೇನು? ಹೇಳಬಹುದಂದ್ರ ಆ ದೇಶ ಚಲೋ. ಇಲ್ಲಾಂದ್ರ ಎಷ್ಟ್ ಓಟ್ ಹಾಕಿದ್ರೂ ಅಷ್ಟ."

ಆಮೇಲೆ ನನ್ನ ಕಡೆ ತಿರುಗಿದಳು. ಮುಖದಲ್ಲಿ ಕುಹಕವಿರಲಿಲ್ಲ.

"ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ. ನನ್ನ ಗೆಳೆಯ ನಿಮ್ಮನ್ನ ಸಾಕ್ಷಿ ಮಾಡ್ಯಾನ. ಅದಕ್ಕ ನಿಮ್ಮನ್ನ ಕೇಳ್ತೇನಿ. ಪಂಚಾಯ್ತಿ ಮೀಟಿಂಗಿನ್ಯಾಗ ನೀವು ಏನು ಕೇಳೀರಿ?"

ಜಯತೀರ್ಥ ಸರ್ ಮೈಕನ್ನು ನನ್ನ ಮುಂದೆ ಸರಿಸಿದರು. ನಾನು ಮಾವನ ಮುಖ ನೋಡಿದೆ. ನಿಜ ಹೇಳುತ್ತೇನೆ, ಮಾವ ಏನೂ ಸನ್ನೆ ಮಾಡಲಿಲ್ಲ. ಗದರಿಸುವ ಮುಖವೂ ಇರಲಿಲ್ಲ. ಬೇರೆ ಎಲ್ಲರಂತೆ ಅವರೂ ಕಾಯುತ್ತಿದ್ದರು. 'ನಾನು ಒಳಗೆ ಕೂರುವುದಿಲ್ಲ' ಎಂದರೆ ಮುಗಿಯುತ್ತಿತ್ತು. ಆ ಹುಡುಗಿಗೆ ಬೇಕಾದದ್ದು ಅಷ್ಟೇ ಆಗಿತ್ತು.

"ಲೈಟ್ ಕೇಳೇನ್ರಿ," ಎಂದೆ. ನನ್ನ ದನಿ ಮೈಕಿನಲ್ಲಿ ದೊಡ್ಡದಾಗಿ ಕೇಳಿಸಿತು. "ನಮ್ಮ ಓಣ್ಯಾಗ ಒಬ್ಬ ಆಯಿ ಕತ್ತಲಾಗ ಬಿದ್ದು ಕೈ ಮುರಕೊಂಡಿದ್ದಳು. ಹಳ್ಳದ ದಾರಿ ಕಂಬಕ್ಕ ಲೈಟ್ ಬೇಕು ಅಂತ ಎದ್ದು ನಿಂತು ಕೇಳೇನ್ರಿ."

ಎದ್ದು ನಿಂತು ಎಂಬ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ಹುಡುಗಿಯರು ಜೋರಾಗಿ ಚಪ್ಪಾಳೆ ತಟ್ಟಿದರು. ಒಬ್ಬಳು ಸೀಟಿ ಹೊಡೆದಳು. ಮೆಹರುನ್ನಿಸಾ ತಾನೂ ಚಪ್ಪಾಳೆ ತಟ್ಟಿ, "ಹಂಗಾರ ನಾ ಸೋತೇನ್ರಿ," ಎಂದು ನಕ್ಕು ಕೆಳಗಿಳಿದಳು.

ನಿರ್ಣಯ ಮಾಡುವಾಗ ಜಯತೀರ್ಥ ಸರ್ ಮೆಲ್ಲಗೆ, "ಹುಡುಗಿ ಭಾಳ ಚಲೋ ಮಾತಾಡಿದಳು. ಆದರ ನಿಮ್ಮ ಉತ್ತರ ಬಂದಮ್ಯಾಲ ಅಕಿ ವಾದ ನಿಲ್ಲೂದಿಲ್ಲ. ಏನಂತೀರಿ ತಾಯಿ?" ಎಂದರು.

"ನೀವು ಹೇಳಿದಂಗ್ರಿ," ಎಂದೆ.

ಮೊದಲ ಬಹುಮಾನದ ಕಪ್ಪನ್ನು ನನ್ನ ಕೈಯಿಂದಲೇ ಪಾರ್ಥನಿಗೆ ಕೊಡಿಸಿದರು.

ಹೊರಗೆ ಬೈಕಿನ ಹತ್ತಿರ ಮೆಹರುನ್ನಿಸಾ ಓಡಿಬಂದಳು. "ಅಕ್ಕಾ, ಮಾಫ್ ಮಾಡ್ರಿ. ಬ್ಯಾರೆ ಊರಾಗ ನೋಡೇನಿ, ಹೆಣ್ಣಮಕ್ಕಳ ಸೀಟಿನ್ಯಾಗ ಗಂಡಸರು ಕುಂದರ್ತಾರ. ನೀವೂ ಹಂಗ ಅಂತ ತಿಳ್ಕೊಂಡಿದ್ದೆ. ಈ ಸಲ ನಮ್ಮ ಅಮ್ಮೀಗಿ ಎಲೆಕ್ಷನ್ನಿಗಿ ನಿಲ್ಲು ಅಂತ ಮಂದಿ ಹೇಳಾಕತ್ತಾರ. ಅಂಜ್ತಾಳ. ಇವತ್ತ ಮನಿಗಿ ಹೋಗಿ ನಿಮ್ಮ ಸುದ್ದಿ ಹೇಳ್ತೇನಿ." ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಅಂಗೈ ಬೆಚ್ಚಗಿತ್ತು. ನನ್ನದು ಬೆವತಿತ್ತು. ಕೈ ಬಿಡಿಸಿಕೊಂಡು ಬೈಕು ಹತ್ತಿದೆ.

ಮುದ್ದೇಬಿಹಾಳ ದಾಟಿದೆವು. ನಾಲತವಾಡದ ರಸ್ತೆಗೆ ತಿರುಗಿದ ಮೇಲೆ ಮಾವ ಗಾಳಿಯಲ್ಲೇ ಕೂಗಿ ಹೇಳಿದರು: "ಬಾಳ ಚಲೋ ಹೇಳಿದಿ! ನಾ ಹೇಳಿಕೊಟ್ಟಿದ್ರೂ ಇಷ್ಟ್ ಚಂದ ಆಗ್ತಿರಲಿಲ್ಲ!"

ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ಮಾವ ಊರಬಾಗಿಲ ಅಗಸಿಕಟ್ಟೆಯ ಮೇಲೆ ಎಲ್ಲರಿಗೂ ಸುದ್ದಿ ಹೇಳಿದ್ದರು. ಮರುದಿನ ತಿಪ್ಪವ್ವ ಆಯಿ ಬಂದು, ನೆಟ್ಟಗಾಗದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು.

"ಲೈಟ್ ಕೇಳಿದ್ಯಂತಲ್ಲಬೇ. ಯಾವಾಗ ಹಾಕ್ತಾರ?"

ನಾನು ಒಲೆ ಊದುತ್ತಿದ್ದೆ. "ಹಾಕ್ತಾರ ಆಯಿ," ಎಂದೆ. ಹೊಗೆ ಇದ್ದದ್ದು ಒಳ್ಳೆಯದಾಯಿತು. ಅವರು ಮತ್ತೇನೂ ಕೇಳದೆ, ನಂಬಿಕೊಂಡು ಎದ್ದು ಹೋದರು. ಇಳಿಹೊತ್ತಿಗೆ ಅವರು ಓಣಿಯ ಹೆಂಗಸರಿಗೆ ಕಂಬವನ್ನು ತೋರಿಸುತ್ತ ನಿಂತದ್ದು ಹಿತ್ತಲಿನಿಂದ ಕಂಡಿತು.

ಮುಂದಿನ ಮೀಟಿಂಗಿನ ದಿನ ಎಂದಿನಂತೆ ಹೋದೆವು. ಸಹಿ ಹಾಕಿದೆ. ಮಾವ ಕುರ್ಚಿ ಎಳೆದು ಕುಳಿತರು. ಅಧ್ಯಕ್ಷೆಯ ಕುರ್ಚಿಯಲ್ಲಿ ಅವಳ ಗಂಡ ಕುಳಿತಿದ್ದರು. ಅವಳು ಹೊರಗೆ ಕಟ್ಟೆಯ ಮೇಲಿದ್ದಳು. ಎಲ್ಲರೂ ನಾನು ಹೊರಗೆ ಹೋಗಲಿ ಎಂದು ಕಾಯುತ್ತಿದ್ದರು. ನಾನು ಬಾಗಿಲ ಹತ್ತಿರವೇ ನಿಂತೆ.

"ಏನರ ಮರತ ಬಿಟ್ಟಿಯೇನವಾ?" ಎಂದು ಅಧ್ಯಕ್ಷೆಯ ಗಂಡ ಕೇಳಿದರು.

ಮಾವನ ಮುಖ ನೋಡಬಾರದು ಎಂದು ನೆಲಕ್ಕೆ ಕಣ್ಣು ನೆಟ್ಟಿದ್ದೆ. ಅವರ ಚಪ್ಪಲಿ ಮಾತ್ರ ಕಾಣುತ್ತಿತ್ತು.

"ಹಳ್ಳದ ದಾರಿ ಕಂಬಕ್ಕ ಲೈಟ್ ಬೇಕ್ರಿ," ಎಂದೆ. ತಾಳಿಕೋಟೆಯಲ್ಲಿ ಅಷ್ಟು ದೊಡ್ಡದಾಗಿ ಬಂದ ದನಿ ಇಲ್ಲಿ ನನಗೇ ಕೇಳಿಸಲಿಲ್ಲ.

"ಏನಂದಿ? ಜೋರ ಹೇಳು."

"ಹಳ್ಳದ ದಾರಿಗಿ. ಲೈಟು."

"ಇದನ್ನ ಹೋದ ಮೀಟಿಂಗಿನ್ಯಾಗ ಕೇಳಿದ್ದಿಯಲ್ಲ?" ಎಂದು ಯಾರೋ ಅಂದರು. "ತಾಳಿಕೋಟಿಯೊಳಗ ಹಂಗಂದಿಯಂತ!" ಒಬ್ಬರು ನಕ್ಕರು, ಮತ್ತೊಬ್ಬರು ಸೇರಿಕೊಂಡರು.

"ಇಲ್ರಿ," ಎಂದೆ. "ಕೇಳಿರಲಿಲ್ಲ. ಅಲ್ಲಿ ಸುಳ್ಳು ಹೇಳಿದ್ದೆ. ಈಗ ಕೇಳಾಕತ್ತೇನಿ."

ನಗು ನಿಂತಿತು. ಮಾವನ ಚಪ್ಪಲಿ ಅಲುಗಿದವು. ಅವರು ಎದ್ದು ನನ್ನ ಪಕ್ಕದಿಂದಲೇ ಬಾಗಿಲು ದಾಟಿದರು. "ಕುಂದ್ರು," ಎಂದಷ್ಟೇ ಅಂದರು. ಸಿಟ್ಟೋ ಏನೋ ನನಗೆ ತಿಳಿಯಲಿಲ್ಲ. ಕಿಟಕಿಯಿಂದ ನೋಡಿದರೆ ಅಂಗನವಾಡಿಯ ಕಟ್ಟೆಯ ತುದಿಯಲ್ಲಿ, ಹೆಂಗಸರಿಂದ ದೂರ, ಈ ಕಡೆಗೆ ಬೆನ್ನು ಮಾಡಿ ಕುಳಿತಿದ್ದರು.

ಪಿಡಿಓ ಏನೋ ಬರೆದುಕೊಂಡು ಮುಂದಿನ ವಿಷಯಕ್ಕೆ ಹೋದರು. ಮಾವ ಬಿಟ್ಟುಹೋದ ಕುರ್ಚಿ ಖಾಲಿಯಿತ್ತು. ಅದರ ಹಿಂಬದಿ ಹಿಡಿದುಕೊಂಡು ಮೀಟಿಂಗ್ ಮುಗಿಯುವ ತನಕ ನಿಂತೇ ಇದ್ದೆ. ಕೂರಲು ಆಗಲಿಲ್ಲ.