ಏಳನೆಯ ಲೈನಿನ ಟೋಕನ್

ನಾನು ಒಂದು ಮರದ ತುಂಡು. ಗೇಣುದ್ದ, ಮೂರು ಬೆರಳಗಲ. ಒಂದು ತುದಿಯಲ್ಲಿ ತೂತು, ಅದಕ್ಕೊಂದು ಕೆಂಪು ದಾರ, ಮೈಮೇಲೆ ಬಿಳಿ ಬಣ್ಣದಲ್ಲಿ ಬರೆದ ಏಳು ಎಂಬ ಅಂಕಿ. ಹೊಲಿಗೆ ಯಂತ್ರಗಳನ್ನು ತುಂಬಿಕೊಂಡು ಬಂದ ಪೆಟ್ಟಿಗೆಯ ಹಲಗೆಯಿಂದ ನನ್ನನ್ನು ಕೊಯ್ದರು. ಮಂಡ್ಯದ ಕಡೆ, ಹೆದ್ದಾರಿಯ ಬದಿಯ ಒಂದು ಗಾರ್ಮೆಂಟ್ಸ್‌ನಲ್ಲಿ ನನ್ನ ಜನನ. ಒಡಹುಟ್ಟಿದವರು ಹನ್ನೊಂದು ಮಂದಿ, ಲೈನಿಗೊಬ್ಬರಂತೆ. ಕೊಯ್ದ ಬಡಗಿ ನನ್ನನ್ನು ತಿರುಗಿಸಿ ನೋಡಿ, ‘ಇದು ಯಾತಕ್ಕೆ ಸಾ?’ ಎಂದು ಕೇಳಿದ. ಯಾತಕ್ಕೆಂದು ಗೊತ್ತಾದ ಮೇಲೆ ಉಪ್ಪುಕಾಗದದಿಂದ ನನ್ನ ಅಂಚನ್ನು ಇನ್ನೊಮ್ಮೆ ಉಜ್ಜಿದ. ಹೆಂಗಸರ ಕೈಗೆ ಸಿಬಿರು ಚುಚ್ಚಬಾರದೆಂದಿರಬೇಕು.

ನನ್ನ ಕೆಲಸ ಸರಳವಾದದ್ದು. ಏಳನೆಯ ಲೈನಿನಲ್ಲಿ ನಲವತ್ತು ಹೆಂಗಸರು. ಶೌಚಾಲಯಕ್ಕೆ ಹೋಗಬೇಕಾದವರು ಸೂಪರ್‌ವೈಸರ್ ಶಿವಮಾದು ಅವರ ಮೇಜಿನಿಂದ ನನ್ನನ್ನು ಎತ್ತಿಕೊಂಡು ಹೋಗಬೇಕು, ಬಂದು ಅಲ್ಲೇ ಇಡಬೇಕು. ನಾನು ಮೇಜಿನ ಮೇಲೆ ಇಲ್ಲವೆಂದರೆ ಯಾರೋ ಒಬ್ಬಳು ಹೋಗಿದ್ದಾಳೆ, ಉಳಿದವರು ಕಾಯಬೇಕು. ಶೌಚಾಲಯದ ಬಾಗಿಲಲ್ಲಿ ಸ್ಟೂಲಿನ ಮೇಲೆ ಕಾವಲಿನ ರಾಚಮ್ಮ. ಸಾಕ್ಷಾತ್ ಮಾಲೀಕರೇ ಬಂದರೂ ಟೋಕನ್ ಇಲ್ಲದೆ ಒಳಗೆ ಬಿಡುವ ಹೆಂಗಸಲ್ಲ.

ನನಗೆ ಆಗ ಜಂಬ ಬಹಳ. ಎಂಬತ್ತು ಕಣ್ಣುಗಳು ದಿನವಿಡೀ ನನ್ನನ್ನೇ ನೋಡುತ್ತಿದ್ದರೆ ಯಾರಿಗೆ ಜಂಬ ಬರುವುದಿಲ್ಲ? ನಾನು ಬಂದೊಡನೆ ನಾಲ್ಕು ಕೈಗಳು ಮುಂದೆ ಬರುತ್ತಿದ್ದವು. ಇವರಿಗೆಲ್ಲ ನನ್ನ ಮೇಲೆ ಎಷ್ಟು ಪ್ರೀತಿ ಎಂದುಕೊಂಡಿದ್ದೆ. ದಡ್ಡ ಮರ, ಇನ್ನೇನು ತಿಳಿಯಬೇಕು!

ಕೈಗಳಿಂದಲೇ ಅವರನ್ನೆಲ್ಲ ಗುರುತು ಹಿಡಿಯುತ್ತಿದ್ದೆ. ಕೆಂಪಾಜಮ್ಮನದು ಒರಟು ಕೈ, ಸೂಜಿ ಹೊಕ್ಕು ತೋರುಬೆರಳಿನ ಉಗುರು ಎರಡಾಗಿತ್ತು. ಲೈನಿಗೇ ಹಿರಿಯಳು ಅವಳು. ಸುನಂದ ಎಂಬುವಳು ನನ್ನನ್ನು ಬೀಸಿಕೊಂಡು ಓಡುತ್ತಿದ್ದಳು, ಓಡಿಯೇ ಬರುತ್ತಿದ್ದಳು. ಕಾಲರ್ ಕೂರಿಸುವ ಪುಟ್ಟಗೌರಿಯ ಅಂಗೈ ಮಾತ್ರ ಯಾವಾಗಲೂ ಬೆವೆತಿರುತ್ತಿತ್ತು. ಅವಳಿಗೆ ಉರಿಮೂತ್ರ. ಚೆನ್ನಾಗಿ ನೀರು ಕುಡಿ, ಇಲ್ಲದಿದ್ದರೆ ಮೂತ್ರಪಿಂಡವೇ ಕೆಡುತ್ತದೆ ಎಂದು ಡಾಕ್ಟರು ಹೇಳಿದ್ದರು. ನೀರು ಕುಡಿದರೆ ನಾನು ಬೇಕು, ನಾನು ಬೇಕೆಂದರೆ ಕಾಯಬೇಕು. ಹಾಗಾಗಿ ಬೆಳಿಗ್ಗೆ ತುಂಬಿಕೊಂಡು ಬಂದ ಬಾಟಲಿಯನ್ನು ಅವಳು ಸಂಜೆ ತುಂಬಿದ ಹಾಗೆಯೇ ಮನೆಗೆ ಒಯ್ಯುತ್ತಿದ್ದಳು.

ಶಿವಮಾದು ಕೆಟ್ಟವರೆಂದು ನಾನು ಹೇಳಲಾರೆ. ಗಂಟೆಗೊಮ್ಮೆ ಮೈಕಿನಲ್ಲಿ ಮ್ಯಾನೇಜರರು ‘ಸೆವೆನ್ ಹಿಂದೆ ಬಿದ್ದಿದೆ’ ಎಂದು ಕೂಗಿದಾಗ ಅವರ ಕಿವಿ ಕೆಂಪಾಗುತ್ತಿತ್ತು. ಒಂದೆರಡು ಸಲ ಪುಟ್ಟಗೌರಿಗೆ ಸರದಿ ತಪ್ಪಿಸಿ ನನ್ನನ್ನು ಕೊಟ್ಟದ್ದೂ ಉಂಟು. ಆಗೆಲ್ಲ ಉಳಿದವರು ಮುನಿಸಿಕೊಂಡದ್ದು ಅವಳ ಮೇಲೆ, ಶಿವಮಾದು ಮೇಲಲ್ಲ. ಈ ವಿಚಿತ್ರ ನನಗೆ ಇಂದಿಗೂ ಅರ್ಥವಾಗಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ ಸುನಂದ ಅವಸರದಲ್ಲಿ ನನ್ನನ್ನು ಶೌಚಾಲಯದ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಮರೆತು ಹೋದಳು. ಮೇಜಿಗೆ ಹೋದ ಮೇಲೆ ಕೈ ಬರಿದೆಂದು ಗೊತ್ತಾಯಿತು. ತರಲು ಓಡಿಬಂದಳು. ರಾಚಮ್ಮ ಅಡ್ಡ ನಿಂತಳು.

‘ಟೋಕನ್ ಎಲ್ಲಮ್ಮಿ?’

‘ಅದನ್ನೇ ಒಳಗೆ ಬುಟ್ಟಿವ್ನಿ ಕಣಕ್ಕ, ತಕ್ಕೊಂಡೋಯ್ತಿನಿ.’

‘ಟೋಕನ್ ಇಲ್ದೆ ಬುಡಕಿಲ್ಲ ಕಣವ್ವ. ನನ್ ಕೆಲ್ಸ ಹೋದದು.’

‘ಹಂಗಾರೆ ನೀನೇ ಹೋಗಿ ತತ್ತಾ.’

‘ಬಾಗ್ಲು ಬುಟ್ಟು ಏಳಂಗಿಲ್ಲ ಅಂತ ಹೇಳವ್ರೆ!’

ಟೋಕನ್ ತರಬೇಕಾದರೆ ಟೋಕನ್ ಬೇಕು! ಕಟ್ಟೆಯ ಮೇಲೆ ಮಲಗಿದ್ದ ನನಗೆ ನಗು ಬಂತು. ಸುನಂದ ಬೈಗುಳಕ್ಕೆ ಹೆದರಿ ಯಾರಿಗೂ ಹೇಳದೆ ಸೀಟಿಗೆ ಮರಳಿದಳಂತೆ. ಅರ್ಧ ಗಂಟೆ ಕಳೆಯಿತು, ಮುಕ್ಕಾಲು ಗಂಟೆಯೂ ಆಯಿತು. ಇದ್ದಕ್ಕಿದ್ದಂತೆ ಗೋಡೆಯಾಚೆ ಒಂದು ಯಂತ್ರದ ಸದ್ದು ನಿಂತಿತು. ಅದರ ಹಿಂದೆ ಇನ್ನೊಂದು, ಆಮೇಲೆ ಹತ್ತಾರು. ಹುಟ್ಟಿದಂದಿನಿಂದ ಆ ಹೊತ್ತಿನಲ್ಲಿ ನಮ್ಮ ಲೈನಿನ ಕಡೆಯಿಂದ ಅಂಥ ನಿಶ್ಶಬ್ದ ನಾನು ಕೇಳಿರಲಿಲ್ಲ. ರಾಚಮ್ಮ ಗಾಬರಿಯಾಗಿ ಎದ್ದು ನನ್ನನ್ನು ಹುಡುಕಿ ಎತ್ತಿಕೊಂಡು ಲೈನಿನ ಕಡೆ ಓಡಿದಳು.

ನಲವತ್ತು ಹೆಂಗಸರು ಮಡಿಲಲ್ಲಿ ಕೈ ಇಟ್ಟುಕೊಂಡು ಕುಳಿತಿದ್ದರು. ಪುಟ್ಟಗೌರಿ ತಲೆ ಬಗ್ಗಿಸಿದ್ದಳು. ಅವಳ ಕುರ್ಚಿಯ ಕೆಳಗೆ ನೆಲ ಒದ್ದೆಯಾಗಿತ್ತು. ಹಿಂದಿನ ಸೀಟಿನ ಕೆಂಪಾಜಮ್ಮ ಅದನ್ನು ಕಂಡು ಮೊದಲು ತನ್ನ ಯಂತ್ರ ಆರಿಸಿದ್ದಳಂತೆ. ನನ್ನ ನಗು ಅಲ್ಲಿಗೆ ಅಡಗಿತು. ನನಗೆ ನಾಚಿಕೆಯಾಯಿತು.

ಸುನಂದ ಅಳುತ್ತಾ ಎದ್ದು, ‘ಲೈನಿಗೆ ಇನ್ನೊಂದು ಟೋಕನ್ ಕೊಡಿ ಸಾ, ಅಲ್ಲಿಗಂಟ ಮಿಷನ್ ಹಾಕಕಿಲ್ಲ’ ಎಂದಳು. ಹೌದು ಹೌದು ಎಂದು ಎಲ್ಲರೂ ಕೂಗಿದರು.

ಶಿವಮಾದುವಿಗೆ ಹೋದ ಜೀವ ಬಂತು. ‘ಒಂದ್ಯಾಕೆ, ಎರಡು ಮಾಡಿಸ್ತೀನಿ ಕಣ್ರವ್ವ. ಮಿಷನ್ ಹಾಕಿ ಮೊದ್ಲು.’

ಕೈಗಳು ಸ್ವಿಚ್ಚಿನ ಕಡೆ ಹೋದವು. ಗೆದ್ದೆವೆಂದೇ ಅವರು ತಿಳಿದಿದ್ದರು. ಆಗ ಪುಟ್ಟಗೌರಿ ಎದ್ದು ನಿಂತಳು. ಎಲ್ಲರಿಗೂ ಕಾಣುವ ಹಾಗೆ, ಒದ್ದೆ ಸೀರೆಯಲ್ಲೇ.

‘ನಂಗೆ ಯಾವ ಟೋಕನ್ನೂ ಬ್ಯಾಡ ಸಾ. ಬಾಯಾರ್ದಾಗ ನೀರು ಕುಡಿಯಂಗಾಗ್ಬೇಕು. ಅಷ್ಟೇಯ.’

ಸ್ವಿಚ್ಚಿನ ಮೇಲಿದ್ದ ಕೈಗಳು ಹಿಂದಕ್ಕೆ ಬಂದವು.

ನಾಲ್ಕು ದಿನ ಅವರು ಗೇಟಿನ ಮುಂದೆ ಕುಳಿತರು, ಬೇರೆ ಲೈನಿನವರೂ ಬಂದು ಸೇರಿಕೊಂಡರು. ಐದನೆಯ ದಿನ ಹನ್ನೆರಡು ಲೈನಿನ ಟೋಕನ್‌ಗಳನ್ನೂ ತೆಗೆದುಹಾಕಿದರು. ಒಡಹುಟ್ಟಿದವರು ಕ್ಯಾಂಟೀನಿನ ಒಲೆ ಸೇರಿದರು. ನನ್ನನ್ನು ರಾಚಮ್ಮ ಕುಡಿಯುವ ನೀರಿನ ಸ್ಟ್ಯಾಂಡು ಅಲುಗದಂತೆ ಅದರ ಕಾಲಿನಡಿಗೆ ತುರುಕಿದಳು. ಅಲ್ಲೇ ಇಂದಿಗೂ ಇದ್ದೇನೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆ ನಾಲ್ಕು ದಿನದಲ್ಲಿ ಹೊರಡಬೇಕಿದ್ದ ಶರ್ಟುಗಳು ಹೊರಡಲಿಲ್ಲ. ಮುಂದಿನ ಆರ್ಡರು ಬೇರೆ ಊರಿಗೆ ಹೋಯಿತು. ಎಂಟನೆಯ ಲೈನನ್ನು ಮುಚ್ಚಿದರು. ಗೇಟಿನಲ್ಲಿ ಕೂರದೆ, ‘ನಮ್ಮನ್ನ ಒಳಕ್ಕೆ ಬುಡಿ’ ಎಂದು ಬೇಡಿಕೊಂಡಿದ್ದ ಲೈನು ಅದು. ಶಿವಮಾದುವನ್ನು ಪ್ಯಾಕಿಂಗ್‌ಗೆ ಹಾಕಿದರು. ಅಲ್ಲಿ ಅವರು ಈಗ ತಾವೇ ಪೆಟ್ಟಿಗೆ ಎತ್ತುತ್ತಾರೆ. ಪ್ರತಿಭಟನೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಪುಟ್ಟಗೌರಿಯ ಕಡೆಯಿಂದ ಒಂದು ಉತ್ತರ, ಎಂಟನೆಯ ಲೈನಿನ ಕಡೆಯಿಂದ ಇನ್ನೊಂದು. ಎರಡೂ ನನಗೆ ನಿಜವಾಗಿಯೇ ಕೇಳಿಸುತ್ತವೆ.

ಎರಡು ತಿಂಗಳಾದ ಮೇಲೆ ಎಂಟನೆಯ ಲೈನಿನ ಮಾದೇವಿಯನ್ನು ಮತ್ತೆ ಕರೆದು, ಪುಟ್ಟಗೌರಿಯ ಪಕ್ಕದಲ್ಲೇ ಕೂರಿಸಿದರು. ಮಾದೇವಿ ಮೂರು ದಿನ ಅವಳೊಂದಿಗೆ ಮಾತಾಡಲಿಲ್ಲ. ನಾಲ್ಕನೆಯ ದಿನ ಇಬ್ಬರೂ ನೀರಿಗೆ ಬಂದಾಗ, ನನ್ನ ತಲೆಯ ಮೇಲೆಯೇ ಮಾತು ಹತ್ತಿತು.

‘ನೀವೇನೋ ಗೆದ್ಬುಟ್ರಿ. ನಮ್ಮನೆ ಒಲೆ ಏನು ಪಾಪ ಮಾಡಿತ್ತಕ್ಕ?’

ಪುಟ್ಟಗೌರಿ ಲೋಟಕ್ಕೆ ನೀರು ತುಂಬಿದಳು. ‘ನೀ ಹೇಳದು ದಿಟ ಕಣವ್ವ’ ಎಂದು ಅದನ್ನು ಅವಳಿಗೆ ಕೊಟ್ಟಳು. ಮಾದೇವಿ ಬೇಡವೆನ್ನಲಿಲ್ಲ. ಗಟಗಟನೆ ಕುಡಿದು, ಲೋಟವನ್ನು ಕುಕ್ಕಿ ಇಟ್ಟು ಹೋದಳು. ಕೋಪ ಇಳಿದಿರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಮಾದೇವಿ ಸೀಟಿನಿಂದ ಎದ್ದದ್ದನ್ನು ಕಂಡೆ. ನೇರವಾಗಿ ಸೂಪರ್‌ವೈಸರ್ ಮೇಜಿಗೆ ಹೋಗಿ, ಏನನ್ನೋ ಎತ್ತಿಕೊಳ್ಳಲು ಕೈ ಚಾಚಿದಳು.

‘ಏನಮ್ಮ?’ ಎಂದರು ಹೊಸ ಸೂಪರ್‌ವೈಸರ್.

‘ಏನಿಲ್ಲ ಸಾ.’

ಬರಿಯ ಮೇಜಿನ ಮೇಲೆ ಅವಳ ಕೈ ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಅದನ್ನು ಸೆರಗಿಗೆ ಒರೆಸಿಕೊಂಡು, ಯಾರನ್ನೂ ಕೇಳದೆ, ಶೌಚಾಲಯದ ಕಡೆ ನಿಧಾನವಾಗಿ ನಡೆದುಹೋದಳು. ನಾನು ಆ ಮೇಜಿನ ಮೇಲೆ ಇರಲಿಲ್ಲ. ಹುಟ್ಟಿದಾಗಿನಿಂದ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.