ತೋಳಿನ ಮೇಲಿನ ಎರಡು ಗೆರೆ

ಜಗತ್ತಿನ ಮಹಾಯುದ್ಧಗಳಿಗೆ ಭೂಮಿ, ಸಿಂಹಾಸನ, ಸಮುದ್ರದ ದಾರಿಗಳು ಕಾರಣವಾಗಿರಬಹುದು; ನನ್ನ ಚಿಕ್ಕಮ್ಮ ಹೂಡಿದ ಯುದ್ಧಗಳಿಗೆಲ್ಲ ಮೂಲ ಅಂಗಿಯ ಜೇಬು. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅವಳ ಅಂಗಡಿಗೆ ಜೇಬಿನಲ್ಲಿ ಪೆನ್ನು ಮರೆತು ಅಂಗಿ ಕೊಟ್ಟವರು ಯಾರೇ ಆಗಲಿ, ನ್ಯಾಯಾಧೀಶರೇ ಆಗಲಿ, ಆ ಗಳಿಗೆಯಲ್ಲಿ ಅಪರಾಧಿಗಳು. ಒಮ್ಮೆ ನಿಜಕ್ಕೂ ನ್ಯಾಯಾಧೀಶರೊಬ್ಬರು ಸಿಕ್ಕಿಬಿದ್ದರು. ಚಿಕ್ಕಮ್ಮ ಆ ಪೆನ್ನನ್ನು ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದಂತೆ ಎತ್ತಿ, "ಕಂಡೋರ ಜೇಬು ತಡಕೋದೂ ನನ್ನ ಕೆಲಸವೇನ್ರೀ?" ಎಂದು ಆರಂಭಿಸಿದ ಭಾಷಣ ಬೀದಿಯ ಆ ತುದಿಯ ಔಷಧಿ ಅಂಗಡಿಗೂ ಕೇಳಿಸಿ, ಅಲ್ಲಿದ್ದವನು ತನ್ನ ಜೇಬು ಮುಟ್ಟಿ ನೋಡಿಕೊಂಡನಂತೆ. ನ್ಯಾಯಾಧೀಶರು ಮೇಲ್ಮನವಿ ಸಲ್ಲಿಸದೆ ಮನೆಗೆ ಹೋದರು. ಗಿರಾಕಿಗಳು ಅವಳನ್ನು ಗುಡುಗಮ್ಮ ಎನ್ನುತ್ತಿದ್ದರು, ಅವಳಿಗೆ ಕೇಳಿಸದ ಹಾಗೆ.

ನೋಡಲು ಆಕೆ ಹಿಡಿಯಷ್ಟು. ಇಸ್ತ್ರಿ ಪೆಟ್ಟಿಗೆಯ ಭಾರಕ್ಕೆ ಬಲಭುಜ ತುಸು ಜಗ್ಗಿ, ನಡೆಯುವಾಗ ಯಾರಿಗೂ ಕಾಣದ ಬಕೆಟ್ಟೊಂದನ್ನು ಹಿಡಿದವಳಂತೆ ಒಂದು ಕಡೆಗೆ ವಾಲುತ್ತಿದ್ದಳು. ಮಾತಿನ ನಡುವೆ ಎದುರಿಗಿದ್ದವರ ಕಾಲರು ಸರಿಪಡಿಸುವುದು ಅವಳ ಚಾಳಿ. ಬೈಯುವಾಗಲೂ ಅದು ನಿಲ್ಲುತ್ತಿರಲಿಲ್ಲವಾದ್ದರಿಂದ, ಬೈಸಿಕೊಂಡವರು ಬಂದದ್ದಕ್ಕಿಂತ ಅಚ್ಚುಕಟ್ಟಾಗಿ ಹಿಂದಿರುಗುತ್ತಿದ್ದರು.

ಸೋಜಿಗವೆಂದರೆ, ಪೆನ್ನಿಗೆ ಗುಡುಗುವ ಈಕೆ ಸಿಡಿಲು ಬಡಿದಾಗ ಮೌನಿ. ಅಂಗಡಿಯ ಹಿಂದಿನ ಗೋಡೆ ಕುಸಿದು ಒಗೆಯುವ ಯಂತ್ರ ನಜ್ಜುಗುಜ್ಜಾದ ದಿನ ಅವಳು ತುಟಿ ಬಿಚ್ಚಲಿಲ್ಲ. ನನ್ನ ಅಜ್ಜಿ, ಅಂದರೆ ಅವಳನ್ನು ಹೆತ್ತ ತಾಯಿ ತೀರಿಕೊಂಡಾಗ, ನಡುಮನೆಯಲ್ಲಿ ನೆಂಟರೆಲ್ಲ ಗೋಳಾಡುತ್ತಿದ್ದರೆ ಅವಳು ಒಳಕೋಣೆಯಲ್ಲಿ ಕೂತು ಕಪಾಟಿನಲ್ಲಿದ್ದ ಬಟ್ಟೆಯನ್ನೆಲ್ಲ ಮಡಿಸಿದಳು. ಮಡಿಸಿ ಮುಗಿದ ಮೇಲೆ ಬಿಚ್ಚಿ ಮತ್ತೆ ಮಡಿಸಿದಳು. "ಕಲ್ಲು ಕಣೇ, ಕಲ್ಲು," ಎಂದು ನೆಂಟರಲ್ಲೊಬ್ಬರು ಪಿಸುಗುಟ್ಟಿದ್ದು ಅವಳಿಗೂ ಕೇಳಿಸಿರಬೇಕು. ಮಡಿಕೆ ತಪ್ಪಲಿಲ್ಲ.

ಅದೇ ಅಂಗಡಿಯ ಮೂಲೆಯಲ್ಲಿ ಕೂತು ಕಿತ್ತುಹೋದ ಗುಂಡಿ ಹಚ್ಚುತ್ತಿದ್ದ ಚಿಕ್ಕಪ್ಪ ಮಾತ್ರ ಬಹುಕಾಲದ ಅಧ್ಯಯನದಿಂದ ಇದರ ಸೂತ್ರವನ್ನು ಕಂಡುಹಿಡಿದಿದ್ದರು. "ನೋಡಪ್ಪಾ, ಇವಳು ಕೂಗಾಡ್ತಿದ್ರೆ ಊಟ ಮಾಡಿ ಆರಾಮಾಗಿ ಮಲ್ಕೊ. ಬಾಯ್ಮುಚ್ಚಿ ಬಟ್ಟೆ ಮಡಿಸೋಕೆ ಕೂತ್ಲು ಅಂದ್ರೆ ಮಾತ್ರ ಚಪ್ಪಲಿ ಹಾಕ್ಕೊಂಡು ರೆಡಿಯಾಗಿರು." ಹವಾಮಾನ ಇಲಾಖೆಗಿಂತ ನಂಬಿಕಸ್ತವಾದ ಈ ಸೂತ್ರದ ಮೇಲೆಯೇ ನಮ್ಮ ಮನೆತನ ನಡೆಯುತ್ತಿತ್ತು.

ಆ ಸೂತ್ರವೇ ಒಮ್ಮೆ ಚಿಕ್ಕಪ್ಪನ ಪ್ರಾಣಕ್ಕೆ ಕುತ್ತಾಗಿ ಬಂತು. ಹೃದಯ ಕೈಕೊಟ್ಟು ಅವರು ಆಸ್ಪತ್ರೆ ಸೇರಿದ್ದರು. ಬೆಳಗಾಗುವುದರೊಳಗೆ ಆಪರೇಷನ್ನಿಗೆ ಒಪ್ಪಬೇಕು ಎಂದರು ಡಾಕ್ಟರು; ಮಾಡಿದರೆ ಆಸೆಯುಂಟು, ಬಿಟ್ಟರೆ ಇಲ್ಲ. ಡಾಕ್ಟರು ಹೋದ ಮೇಲೆ ಚಿಕ್ಕಪ್ಪ ನನ್ನನ್ನು ಹತ್ತಿರ ಕರೆದರು.

"ನಿನ್ನ ಚಿಕ್ಕಮ್ಮ ಇಲ್ಲಿ ಯಾರಿಗಾದ್ರೂ ಬೈದ್ಲಾ?"

"ಇಲ್ಲ ಚಿಕ್ಕಪ್ಪ."

"ಕ್ಯಾಂಟೀನಿನವನಿಗೂ?"

"ಇಲ್ಲ."

"ಏನ್ಮಾಡ್ತಿದಾಳೆ?"

ನಾನು ಸುಳ್ಳು ಹೇಳುವಂತಿರಲಿಲ್ಲ. ಬಾಗಿಲಿನ ಗಾಜಿನಾಚೆ ಬೆಂಚಿನ ಮೇಲೆ ಕೂತು ಅವಳು ಒಂದೇ ಟವೆಲನ್ನು ಮಡಿಸುತ್ತಾ, ಬಿಚ್ಚುತ್ತಾ, ಮತ್ತೆ ಮಡಿಸುತ್ತಾ ಇದ್ದದ್ದು ಅವರಿಗೂ ಕಾಣುತ್ತಿತ್ತು.

"ಹಾಗಾದ್ರೆ ನಂದು ಮುಗೀತು ಬಿಡು. ಸುಮ್ನೆ ಯಾಕೆ ಕೊಯ್ಯಿಸ್ಕೊಳ್ಲಿ," ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ನಾನು ಹೊರಗೆ ಬಂದು ಅವಳ ಪಕ್ಕ ಕೂತೆ. "ಚಿಕ್ಕಮ್ಮ, ನಿನ್ ದಮ್ಮಯ್ಯ, ಒಳಗೆ ಹೋಗಿ ಯಾವುದಕ್ಕಾದ್ರೂ ಒಂದಕ್ಕೆ ಬೈ."

"ಬೈಯೋ ಅಂಥದ್ದು ಏನಾಗಿದೆಯೋ?" ಎಂದಳು, ಟವೆಲಿನಿಂದ ಕಣ್ಣೆತ್ತದೆ.

ಆದರೂ ಹೋದಳು. ಮಂಚದ ಬಳಿ ನಿಂತು, ಬಾಯಿಪಾಠ ಒಪ್ಪಿಸುವ ಮಗುವಿನಂತೆ, "ದಿಂಬು ಯಾಕ್ರೀ ಹೀಗೆ ಮುದ್ದೆ ಮಾಡ್ಕೊಂಡಿದೀರಿ," ಎಂದಳು. ಚಿಕ್ಕಪ್ಪ ಹೆಂಡತಿಯ ಮುಖವನ್ನು ತುಂಬ ಹೊತ್ತು ನೋಡಿದರು. "ಬೇಡ ಕಣೇ," ಎಂದರು ಮೆತ್ತಗೆ, "ನಿಂಗೆ ನಾಟಕ ಬರಲ್ಲ." ಅವಳು ತಿರುಗಿ ಬಂದು ಬೆಂಚಿನ ಮೇಲೆ ಕೂತು ಟವೆಲು ಎತ್ತಿಕೊಂಡಳು. ಈ ಸಲ ಮಡಿಕೆ ತಪ್ಪಿತು.

ಸಂಜೆ, ಒಪ್ಪಿದರೆ ಇರಲಿ ಎಂದು ನರ್ಸೊಬ್ಬಳು ಆಪರೇಷನ್ನಿಗೆ ತೊಡಿಸುವ ಹಸಿರು ಅಂಗಿಯನ್ನು ತಂದು ಚಿಕ್ಕಮ್ಮನ ಮಡಿಲಿಗೆ ಹಾಕಿದಳು. ಚಿಕ್ಕಮ್ಮ ಅದನ್ನೂ ಮಡಿಸಲೆಂದು ಬಿಡಿಸಿದಳು. ತೋಳಿನ ಮೇಲೆ ಕೈಯಾಡಿಸಿದಳು. ಕೈ ನಿಂತಿತು.

"ಏನಿದು?"

"ಅಂಗಿ ಅಮ್ಮ."

"ಅಂಗಿ ಅನ್ನೋದು ನಂಗೂ ಕಾಣತ್ತೆ ತಾಯಿ. ಇದಕ್ಕೆ ಇಸ್ತ್ರಿ ಅಂತಾರಾ? ಒಂದು ತೋಳಿಗೆ ಎರಡು ಗೆರೆ! ಯಾವ ಕುರುಡ ತಿಕ್ಕಿದ್ದು ಇದನ್ನ?"

"ಅಮ್ಮ, ಮೆತ್ತಗೆ... ಒಳಗೆ ಹೋದ ಮೇಲೆ ಅದನ್ನ ಹೇಗೂ ಬಿಚ್ಚಿಬಿಡ್ತಾರೆ."

"ಬಿಚ್ಚೋವರೆಗೂ ಹಾಕ್ಕೊಂಡಿರ್ತಾರಲ್ಲಮ್ಮ! ಇಷ್ಟು ವರ್ಷದಲ್ಲಿ ನಮ್ಮನೆಯವರು ಎರಡು ಗೆರೆ ಅಂಗಿ ಹಾಕ್ಕೊಂಡು ಮನೆ ಹೊಸಿಲು ದಾಟಿಲ್ಲ, ಇಲ್ಲಿ ಅಷ್ಟು ಜನ ಡಾಕ್ಟ್ರ ಮುಂದೆ ಹಾಕ್ಕೊಂಡು ಮಲಗ್ಬೇಕಾ?"

ಅಲ್ಲಿಂದ ಮುಂದೆ ಆ ಕಟ್ಟಡ ಕೇಳಿದ್ದು ಬೈಗುಳದ ಪೂರ್ಣ ಸಂಪುಟ. ವಾರ್ಡುಗಳ ಬಾಗಿಲು ತೆರೆದವು. ಕಾವಲುಗಾರ ಓಡಿಬಂದು, ಅವಳ ಕೈಯಿಂದ ಕಾಲರು ಸರಿಮಾಡಿಸಿಕೊಂಡು ಹಿಂದಿರುಗಿದ. ಕ್ಯಾಂಟೀನಿನಿಂದ ಸ್ಟೀಲಿನ ಲೋಟದಲ್ಲಿ ಕುದಿಯುವ ನೀರು ತರಿಸಿ, ಟವೆಲು ಸುತ್ತಿದ ಕೈಯಲ್ಲಿ ಅದನ್ನೇ ಇಸ್ತ್ರಿ ಪೆಟ್ಟಿಗೆಯಂತೆ ಹಿಡಿದು, ಅವಳು ಬೆಂಚಿನ ಮೇಲೆಯೇ ಆ ಅಂಗಿಯ ತೋಳನ್ನು ತಿಕ್ಕತೊಡಗಿದಳು, ಬೈಯುತ್ತಾ, ತಿಕ್ಕುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ. ನಾನು ಒಳಗೆ ಓಡಿದೆ. ಚಿಕ್ಕಪ್ಪ ಬಾಗಿಲಿನ ಕಡೆ ತಿರುಗಿ, ಹಳೆಯ ಹಾಡು ಕೇಳುವವರಂತೆ ಕಣ್ಣು ಮುಚ್ಚಿ ನಗುತ್ತಿದ್ದರು.

"ಡಾಕ್ಟ್ರನ್ನ ಕರಿಯೋ," ಎಂದರು. "ಒಪ್ಪಿದೆ ಅಂತ ಹೇಳು."

ಅವರು ಉಳಿದರು. ಈಗಲೂ ಆ ಮೂಲೆಯಲ್ಲಿ ಕೂತು ಗುಂಡಿ ಹಚ್ಚುತ್ತಾರೆ. ಡಾಕ್ಟರಿಗೆ ಗೊತ್ತಿದ್ದಕ್ಕಿಂತ ಒಂದು ಕೂದಲಷ್ಟೂ ಹೆಚ್ಚು ಚಿಕ್ಕಮ್ಮನಿಗೆ ಆ ಸಂಜೆ ಗೊತ್ತಿರಲಿಲ್ಲ. ಹೆಂಡತಿಯ ಸಿಟ್ಟನ್ನು ನಂಬಿ ಚಿಕ್ಕಪ್ಪ ಎದೆ ಕೊಯ್ಯಿಸಿಕೊಂಡರು, ಅಷ್ಟೆ. ಘಟನೆ ದೊಡ್ಡದಾದರೆ ಭಾವವೂ ದೊಡ್ಡದಾಗಬೇಕೆಂದು ನಾವು ಅಳತೆಪಟ್ಟಿ ಹಿಡಿದು ಕಾಯುತ್ತೇವೆ, ಅಳದವರನ್ನು ಕಲ್ಲು ಎನ್ನುತ್ತೇವೆ. ಚಿಕ್ಕಮ್ಮನಂಥವರ ಜಾತಿಯೇ ಬೇರೆ. ಸರಿಪಡಿಸಲಾಗುವುದರ ಜೊತೆಗಷ್ಟೇ ಇವರು ಜಗಳವಾಡುತ್ತಾರೆ. ಸರಿಪಡಿಸಲಾಗದ್ದು ಎದುರಾದಾಗ ಕೈಗೆ ಸಿಕ್ಕಿದ್ದನ್ನು ಮಡಿಸುತ್ತಾ ಕೂರುತ್ತಾರೆ. ಇವರ ಸಿಟ್ಟು ಎಂಬುದು ಆಸೆಯ ಇನ್ನೊಂದು ರೂಪ.

ಇಷ್ಟನ್ನೂ ಒಂದು ದಿನ ಅಂಗಡಿಯಲ್ಲಿ ನಿಂತು ಭಕ್ತಿಯಿಂದ ಅವಳಿಗೇ ವಿವರಿಸಿದೆ. ಅವಳು ನನ್ನ ಕಾಲರು ಸರಿಪಡಿಸುತ್ತಾ ಪೂರ್ತಿ ಕೇಳಿಸಿಕೊಂಡಳು.

"ಅದೆಲ್ಲ ನಂಗೊತ್ತಿಲ್ಲಪ್ಪ," ಎಂದಳು. "ತೋಳಿಗೆ ಎರಡು ಗೆರೆ ಬಿದ್ದಿತ್ತು, ಬೈದೆ."